ದಮ್ಮಿನ ರೋಗಿಗಳಲ್ಲಿ ರಕ್ತಹೀನತೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನ ಬರೆಯುವಾಗ, ನಮ್ಮ ಮನೆಮನೆಗೂ ಸಂಬಂಧಿಸಿದ ವಿಷಯವನ್ನು ಆರಿಸಿಕೊಳ್ಳುವುದು ವೈದ್ಯನಾದ ಹಳೆಯ ವಿದ್ಯಾರ್ಥಿಗೆ ಉಚಿತವೆಂದು ಭಾವಿಸಿದ್ದೇನೆ.

ಸೋಲಾಪುರವು ಗಿರಣಿಗಳಿಂದ ಬೆಳೆದ ಊರು. 1877ರಲ್ಲಿ ಸ್ಥಾಪಿತವಾದ ‘ಜುನೀ ಮಿಲ್’ ಇಂದು ನಡೆಯುತ್ತಿಲ್ಲ; ಚಾದರ, ಟವೆಲ್ ನೇಯುವ ಯಂತ್ರಮಗ್ಗಗಳು ಉಳಿದಿವೆ. ಸಾವಿರಾರು ತಾಯಂದಿರು ಬೀಡಿ ಕಟ್ಟಿ ಸಂಸಾರ ನಡೆಸುತ್ತಾರೆ. ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಕಟ್ಟಿಗೆ, ಕುಳ್ಳಿನ ಒಲೆಗಳು ಪೂರ್ತಿ ಮರೆಯಾಗಿಲ್ಲ. ಹತ್ತಿಯ ಧೂಳು, ಒಲೆಯ ಹೊಗೆ, ಎಲ್ಲಕ್ಕಿಂತ ಮಿಗಿಲಾಗಿ ಬೀಡಿ-ಸಿಗರೇಟಿನ ಹೊಗೆ ಶ್ವಾಸಕೋಶಗಳನ್ನು ವರ್ಷಾನುಗಟ್ಟಲೆ ಕೆಡಿಸುತ್ತವೆ. ಹೀಗೆ ಬರುವ ದೀರ್ಘಕಾಲದ ರೋಗವನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ, ಜನರು ದಮ್ಮು ಎನ್ನುತ್ತಾರೆ.

ಇಂಥ ಹಿರಿಯರಿಗೆ ನಾಲ್ಕು ಮೆಟ್ಟಿಲು ಏರುವುದೂ ಕಷ್ಟವಾದಾಗ ‘ದಮ್ಮು ಹೆಚ್ಚಾಗಿದೆ, ಇನ್ನೇನು ಮಾಡುವುದು’ ಎಂದು ಮನೆಯವರು ಕೈಚೆಲ್ಲುತ್ತಾರೆ. ಆದರೆ ಏದುಸಿರಿನ ದೋಷವೆಲ್ಲ ಶ್ವಾಸಕೋಶದ್ದೇ ಆಗಿರಬೇಕಿಲ್ಲ. ಅದರ ಜೊತೆಗೆ ರಕ್ತಹೀನತೆಯೂ ಇರಬಹುದು. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡಲಾಗದು; ರಕ್ತಹೀನತೆಗಾದರೋ ಅನೇಕ ವೇಳೆ ಚಿಕಿತ್ಸೆಯುಂಟು.

ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಅದರ ಒಂದು ಗ್ರಾಂ ಸುಮಾರು 1.34 ಮಿ.ಲೀ. ಆಮ್ಲಜನಕವನ್ನು ಹೊರಬಲ್ಲದು. 100 ಮಿ.ಲೀ. ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಸುಮಾರು 20 ಮಿ.ಲೀ. ಆಮ್ಲಜನಕ ಸಾಗುತ್ತದೆ, 10 ಗ್ರಾಂ ಇದ್ದರೆ 13 ಮಿ.ಲೀ. ಮಾತ್ರ. ಈ ಕೊರತೆಯನ್ನು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೋಲಾಪುರ-ಅಕ್ಕಲಕೋಟ ಮಾರ್ಗದ ಬಸ್ಸುಗಳೆಲ್ಲ ತುಂಬಿವೆಯೇ ಎಂದು ಅದು ಹೇಳುತ್ತದೆ; ಓಡುತ್ತಿರುವ ಬಸ್ಸುಗಳೆಷ್ಟು ಎಂದು ಹೇಳದು. ಆದುದರಿಂದ ಅಂಕಿ 95 ಇದ್ದರೂ ದೇಹಕ್ಕೆ ಆಮ್ಲಜನಕ ಸಾಲದೆ ಹೋಗಬಹುದು.

ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡಗಳ ಪ್ರಚೋದನೆಯಿಂದ ರಕ್ತಕಣಗಳು ಹೆಚ್ಚುತ್ತವೆ. ಆದುದರಿಂದ ದಮ್ಮಿನವರಲ್ಲಿ ರಕ್ತ ಹೆಚ್ಚೇ ಇರುವುದೆಂದು ಹಿಂದೆ ಭಾವಿಸಲಾಗುತ್ತಿತ್ತು. ಅವರಲ್ಲಿ ರಕ್ತಹೀನತೆಯೂ ವಿರಳವಲ್ಲವೆಂದು ಈಗ ತಿಳಿದಿದೆ. ದೀರ್ಘಕಾಲದ ಉರಿಯೂತದಿಂದ ಯಕೃತ್ತು ಹೆಪ್ಸಿಡಿನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಶರೀರದ ಕಬ್ಬಿಣವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದಂತೆ ತಡೆಯುತ್ತದೆ. ಅರೆಹೊಟ್ಟೆಯ ಊಟ, ನೋವಿನ ಮಾತ್ರೆಗಳಿಂದ ಜಠರದಲ್ಲಾಗುವ ರಕ್ತಸ್ರಾವ ಇವೂ ಕಾರಣಗಳಾಗುತ್ತವೆ. ಮಹಿಳೆಯರಲ್ಲಂತೂ ಈ ಕೊರತೆ ಮೊದಲೇ ವ್ಯಾಪಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು.

ಹಾಗಾದರೆ ಮಾಡಬೇಕಾದುದೇನು? ದಮ್ಮಿನ ರೋಗಿಗೆ ರಕ್ತಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಪುರುಷರಲ್ಲಿ 13, ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಕಾರಣವನ್ನು ಶೋಧಿಸಬೇಕು. ಮಲ ಕಪ್ಪಾಗಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಕಬ್ಬಿಣದ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ಸಲ್ಲದು. ಉರಿಯೂತವಿರುವಲ್ಲಿ ಅವು ಫಲಿಸದೆ ಹೋಗಬಹುದು, ಒಳಗಿನ ಮೂಲಕಾರಣ ಮರೆಯಾಗಲೂಬಹುದು.

ಊಟದ ವಿಷಯದಲ್ಲಿ ಒಂದೆರಡು ಮಾತು. ನಮ್ಮ ಭಾಗದ ದಾಳಿಂಬೆ ಕೆಂಪಾಗಿದ್ದರೂ ಅದರಲ್ಲಿ ಕಬ್ಬಿಣ ಅತ್ಯಲ್ಪ. ಜೋಳದ ರೊಟ್ಟಿ, ಬೇಳೆಕಾಳು, ಸೊಪ್ಪಿನ ಪಲ್ಯಗಳಲ್ಲಿ ಕಬ್ಬಿಣವಿದೆ, ಆದರೆ ದೇಹಕ್ಕೆ ಸ್ವಲ್ಪವೇ ದಕ್ಕುತ್ತದೆ. ಮೇಲೆ ನಿಂಬೆರಸ ಹಿಂಡಿಕೊಂಡರೆ ಹೆಚ್ಚು ದಕ್ಕುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದೂ ಕುಗ್ಗುತ್ತದೆ. ಬೀಡಿಯನ್ನಂತೂ ಬಿಡಲೇಬೇಕು, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಸ್ಥಾನವನ್ನೇ ಆಕ್ರಮಿಸುತ್ತದೆ.

ನಮ್ಮನ್ನು ಈ ಶಾಲೆಗೆ ಕಳುಹಿಸಿದ ಹಿರಿಯರಲ್ಲಿ ಅನೇಕರು ಗಿರಣಿಯಲ್ಲಿ ದುಡಿದವರು, ಬೀಡಿ ಕಟ್ಟಿದವರು. ಅವರಿಗೆ ದಮ್ಮು ಕಾಡುತ್ತಿದ್ದರೆ, ಮುಂದಿನ ಸಲ ವೈದ್ಯರ ಬಳಿಗೆ ಕರೆದೊಯ್ದಾಗ ರಕ್ತಪರೀಕ್ಷೆಯ ಮಾತನ್ನೂ ತೆಗೆಯಬೇಕೆಂದು ನನ್ನ ವಿನಂತಿ.