ಫ್ಲಾರೆನ್ಸ್ ಎಂಬ ಹೆಸರು

ಹೆಣ್ಣುಮಕ್ಕಳಿಗೆ ನದಿಗಳ ಹೆಸರನ್ನಿಡುವ ವಾಡಿಕೆಯು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಗಂಗೆ, ಯಮುನೆ, ಕಾವೇರಿ, ತುಂಗೆ ಎಂದು ಕರೆಯಿಸಿಕೊಳ್ಳುವ ಸ್ತ್ರೀಯರಿಲ್ಲದ ಊರೇ ನಮ್ಮಲ್ಲಿಲ್ಲವೆನ್ನಬಹುದು. ಪುಷ್ಪಾ, ಕುಸುಮಾ, ಕಮಲಾ ಎಂದು ಹೂವಿನ ಹೆಸರುಗಳನ್ನಿಡುವವರೂ ಬಹಳ ಮಂದಿ. ಆದರೆ ಒಂದು ದೊಡ್ಡ ಪಟ್ಟಣದ ಹೆಸರನ್ನು ಹೆಣ್ಣುಕೂಸಿಗೆ ಇಟ್ಟು, ಅದನ್ನೇ ತೊಟ್ಟಿಲಿನಲ್ಲಿ ಕೂಗಿ ಕರೆಯುವುದು ಅಷ್ಟು ಸಾಮಾನ್ಯವಾದ ಸಂಗತಿಯಲ್ಲ. ಅಂತಹ ಹೆಸರುಗಳಲ್ಲೊಂದು ಬೆಂಗಳೂರು, ಮೈಸೂರು, ಮಂಗಳೂರುಗಳ ಕ್ರೈಸ್ತ ಮನೆಗಳಿಗೂ ಬಂದು ಸೇರಿ, ನಮ್ಮವರ ಬಾಯಲ್ಲಿ ಫ್ಲಾರೆನ್ಸಮ್ಮ ಎಂದಾಗಿ, ಮಿಶನ್ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಅಪರೂಪವಲ್ಲದ ಹೆಸರಾಗಿ ನಿಂತಿದೆ. ಈ ಹೆಸರು ಎಲ್ಲಿಂದ ಬಂತು, ಇದನ್ನು ಹೊತ್ತವರು ಯಾರು ಯಾರು, ಎಂಬುದನ್ನು ಪ್ರಿಯ ವಾಚಕಿಯರ ಮುಂದೆ ಸ್ವಲ್ಪದರಲ್ಲಿ ನಿರೂಪಿಸುವೆನು.

ಲ್ಯಾಟಿನ್ ಭಾಷೆಯಲ್ಲಿ ‘ಫ್ಲೋರೆನ್ಸ್’ ಎಂದರೆ ಅರಳುತ್ತಿರುವ, ಏಳಿಗೆ ಹೊಂದುತ್ತಿರುವ ಎಂದರ್ಥ. ಇಟಲಿ ದೇಶದಲ್ಲಿ ಆರ್ನೊ ನದಿಯ ದಡದ ಮೇಲೆ ರೋಮಾಯರು ಕಟ್ಟಿದ ಊರಿಗೆ ಫ್ಲೋರೆಂಟಿಯಾ ಎಂಬ ಹೆಸರು ಬಂದುದು ಈ ಮಾತಿನಿಂದಲೇ. ಅದನ್ನು ಇಟಲಿಯವರು ಫಿರೆಂತ್ಸೆ ಎಂದೂ ಇಂಗ್ಲಿಷರು ಫ್ಲಾರೆನ್ಸ್ ಎಂದೂ ಕರೆಯುತ್ತಾರೆ. ಮನುಷ್ಯರಿಗೂ ಈ ಹೆಸರು ಪೂರ್ವದಿಂದ ಇದ್ದಿತು. ಆದರೆ ಹೆಂಗಸರಿಗೆ ಮಾತ್ರವಲ್ಲ. 1118ರಲ್ಲಿ ತೀರಿಕೊಂಡ ವೂಸ್ಟರಿನ ಫ್ಲಾರೆನ್ಸ್ ಎಂಬವನು ಒಬ್ಬ ಸಂನ್ಯಾಸಿ. ಐರ್ಲೆಂಡಿನಲ್ಲಿ ಗಂಡಸರು ಈ ಹೆಸರನ್ನು ಬಹುಕಾಲ ಇಟ್ಟುಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹೋಗಿ ‘ಫ್ಲಾರೆನ್ಸ್’ ಎಂದು ಕೂಗಿದ್ದರೆ ತಿರುಗಿ ನೋಡುವ ಹುಡುಗಿಯರು ಬಹಳ ಮಂದಿ ಇರುತ್ತಿರಲಿಲ್ಲ.

ಆ ಕಾಲದಲ್ಲಿ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಎಂಬ ಶ್ರೀಮಂತನು 1818ರಲ್ಲಿ ವಿವಾಹವಾಗಿ, ಪತ್ನಿಯೊಡನೆ ಯೂರೋಪಿನಲ್ಲಿ ದೀರ್ಘ ಪ್ರವಾಸಕ್ಕೆ ಹೊರಟನು. ಮರುವರ್ಷ ನೇಪಲ್ಸ್ ಪಟ್ಟಣದಲ್ಲಿ ಮೊದಲನೆಯ ಮಗಳು ಹುಟ್ಟಲು, ಆ ಊರಿನ ಪುರಾತನ ಗ್ರೀಕ್ ಹೆಸರಾದ ಪಾರ್ಥೆನೊಪೆ ಎಂಬುದನ್ನು ಆಕೆಗೆ ಇಟ್ಟರು. 1820ನೆಯ ಇಸವಿ ಮೇ 12ನೆಯ ತಾರೀಖು ಫ್ಲಾರೆನ್ಸ್ ಪಟ್ಟಣದಲ್ಲಿ ಎರಡನೆಯವಳು ಹುಟ್ಟಿದಳು. ಆಕೆಗೂ ಊರಿನ ಹೆಸರೇ ಆಯಿತು. ಮನೆತನದ ಹೆಸರಿನ ಕಥೆಯೂ ಹೀಗೆಯೇ. ತಂದೆಯು ಹುಟ್ಟಿನಿಂದ ಶೋರ್ ಮನೆತನದವನು. ತಾಯಿಯ ಕಡೆಯ ಒಬ್ಬ ಬಂಧುವಿನ ಆಸ್ತಿ ತನ್ನ ಪಾಲಿಗೆ ಬಂದಾಗ, 1815ರಲ್ಲಿ, ಆ ಬಂಧುವಿನ ನೈಟಿಂಗೇಲ್ ಎಂಬ ಹೆಸರನ್ನು ತಾಳಿದನು. ಪ್ರವಾಸವು ಬೇರೊಂದು ದಾರಿ ಹಿಡಿದಿದ್ದರೆ, ಆಸ್ತಿಯು ಬೇರೊಬ್ಬರಿಗೆ ಹೋಗಿದ್ದರೆ, ಜಗತ್ತು ಈ ಮಹಿಳೆಯನ್ನು ಬೇರೆ ಯಾವ ಹೆಸರಿನಿಂದ ಬಲ್ಲುದಾಗಿತ್ತೋ! ಪಾರ್ಥೆನೊಪೆಯ ಹೆಸರು ಮನೆಯೊಳಗೇ ಉಳಿಯಿತು. ತಂಗಿಯದು ಖಂಡ ಖಂಡಗಳಿಗೆ ಹಬ್ಬಿತು.

ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯನ್ನು ನಮ್ಮ ಶಾಲೆಗಳ ಎಲ್ಲ ಹುಡುಗಿಯರೂ ಓದಿರುವರು. ರೈನ್ ನದೀತೀರದ ಕೈಸರ್ಸ್‌ವೆರ್ತಿನಲ್ಲಿ ಪಾದ್ರಿ ಫ್ಲೀಡ್ನರನು ನಡೆಸುತ್ತಿದ್ದ ಸೇವಾಶ್ರಮದಲ್ಲಿ 1851ರಲ್ಲಿ ಆಕೆ ರೋಗಿಗಳ ಶುಶ್ರೂಷೆಯನ್ನು ಕಲಿತುದು, ತಾಯಿಯೂ ಅಕ್ಕನೂ ಅದಕ್ಕೆ ಅಡ್ಡಿಬಂದುದು, 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ಕಾನ್‌ಸ್ಟಾಂಟಿನೋಪಲಿನ ಎದುರು ದಡದ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದುದು, ರಾತ್ರಿಯ ವೇಳೆ ದೀಪ ಹಿಡಿದು ಮೈಲುದ್ದದ ಸಾಲುಮಂಚಗಳ ನಡುವೆ ನಡೆದುದು, ಇವೆಲ್ಲ ತಿಳಿದ ಸಂಗತಿಗಳೇ. ಚಿತ್ರಗಳಲ್ಲಿ ಆಕೆಯ ಕೈಯಲ್ಲಿ ನಮ್ಮ ಹಣತೆಯಂತಹ ದೀಪವನ್ನು ಬರೆಯುತ್ತಾರೆ. ಅದು ಚಿತ್ರಕಾರರ ಕಲ್ಪನೆ. ಆಕೆ ಹಿಡಿದುದು ತುರ್ಕರು ಉಪಯೋಗಿಸುತ್ತಿದ್ದ ಮಡಚುವ ಲಾಟೀನು. ಒಳಗೆ ಮೇಣದ ಬತ್ತಿ, ಸುತ್ತಲೂ ಬಟ್ಟೆಯ ಗೂಡು. ನಮ್ಮ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿನಿಯರು ದೀಪ ಬೆಳಗಿ ಉಚ್ಚರಿಸುವ ನೈಟಿಂಗೇಲ್ ಪ್ರತಿಜ್ಞೆಯೂ ಆಕೆ ಬರೆದುದಲ್ಲ. 1893ರಲ್ಲಿ ಅಮೇರಿಕದ ಡೆಟ್ರಾಯಿಟ್ ಪಟ್ಟಣದಲ್ಲಿ ಆಕೆಯ ಗೌರವಾರ್ಥವಾಗಿ ಇತರರು ರಚಿಸಿದುದು.

ದೀಪದ ಬೆಳಕಿನಲ್ಲಿ ಕಾಣದೆ ಉಳಿದ ಇನ್ನೊಂದು ವಿಷಯವಿದೆ. ಅದೇ ನನಗೆ ಹೆಚ್ಚಿನದಾಗಿ ತೋರುವುದು. ಆಕೆಗೆ ಬಾಲ್ಯದಿಂದಲೂ ಗಣಿತದಲ್ಲಿ ಬಹಳ ಆಸಕ್ತಿ. ಸ್ಕುಟಾರಿಯಲ್ಲಿ ಆಕೆ ಕೆಲಸಕ್ಕೆ ನಿಂತಮೇಲೂ ಸೈನಿಕರು ಸಾಯುವುದು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ 42ರಂತೆ ಸತ್ತರು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಆರೋಗ್ಯ ಸಮಿತಿಯೊಂದು ಬಂದು, ಕಟ್ಟಡದ ಅಡಿಯಲ್ಲಿ ಕೊಳೆತು ನಾರುತ್ತಿದ್ದ ಚರಂಡಿಗಳನ್ನು ತೊಳೆಯಿಸಿ, ಗಾಳಿ ಬರುವಂತೆ ಮಾಡಿಸಲು, ಜೂನಿನ ಹೊತ್ತಿಗೆ ಮರಣವು ನೂರಕ್ಕೆ 2ಕ್ಕೆ ಇಳಿಯಿತು. ಯುದ್ಧ ಮುಗಿದು ಊರಿಗೆ ಮರಳಿದ ಆಕೆಯು ವಿಲಿಯಂ ಫಾರ್ ಎಂಬ ಲೆಕ್ಕಜ್ಞನ ಸಹಾಯದಿಂದ ಈ ಅಂಕಿಗಳನ್ನು ಶೋಧಿಸಿ ನೋಡಿದಾಗ, ಶತ್ರುವಿನ ಗುಂಡಿನಿಂದ ಸತ್ತವರಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರಗಳಿಂದ ಸತ್ತವರೇ ಎಷ್ಟೋ ಪಾಲು ಹೆಚ್ಚೆಂದೂ, ಅವರಲ್ಲಿ ಬಹು ಮಂದಿ ಉಳಿಯಬಹುದಾಗಿತ್ತೆಂದೂ ಸ್ಪಷ್ಟವಾಯಿತು. ತಾನು ಹಗಲಿರುಳು ದುಡಿದ ಆಸ್ಪತ್ರೆಯ ವಿಷಯವಾಗಿಯೇ ಇಂತಹ ಲೆಕ್ಕವನ್ನು ಮಾಡಿ, ಅದನ್ನು ಮುಚ್ಚಿಡದೆ ಸರಕಾರದ ಮುಂದಿಡುವುದಕ್ಕೆ ಎಷ್ಟು ಧೈರ್ಯ ಬೇಕು! ಮಂತ್ರಿಗಳು ಅಂಕಿಗಳ ಪಟ್ಟಿಯನ್ನು ಓದಲಾರರೆಂದು ತಿಳಿದು, ಒಂದೊಂದು ತಿಂಗಳಿಗೆ ಒಂದೊಂದು ಎಸಳಿನಂತೆ, ಮರಣದ ಸಂಖ್ಯೆಗೆ ತಕ್ಕಷ್ಟು ಅಗಲವಾದ ಬಣ್ಣದ ಎಸಳುಗಳುಳ್ಳ ಒಂದು ಚಕ್ರವನ್ನು 1858ರಲ್ಲಿ ಅಚ್ಚು ಹಾಕಿಸಿದಳು. ನೋಡುವವನಿಗೆ ಅದು ಅರಳಿದ ಹೂವಿನಂತೆಯೇ ಇದೆ. ಅದೇ ವರುಷ ಲಂಡನ್ನಿನ ಅಂಕಿ-ಅಂಶಗಳ ಶಾಸ್ತ್ರದ ಸಂಘವು ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಅದುವರೆಗೆ ಆ ಸಂಘದಲ್ಲಿ ಹೆಂಗಸರು ಇರಲಿಲ್ಲ.

ಆಕೆ ಭಾರತದೇಶಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ನಮ್ಮ ದೇಶದ ದಂಡುಪ್ರದೇಶಗಳಿಗೆಲ್ಲ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸುವಂತೆ ಮಾಡಿ, ಬಂದ ಉತ್ತರಗಳ ರಾಶಿಯನ್ನು ಲಂಡನ್ನಿನ ತನ್ನ ಕೋಣೆಯಲ್ಲಿ ಕುಳಿತು ಪರೀಕ್ಷಿಸಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರುಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಕೆಟ್ಟ ನೀರು, ಚರಂಡಿಯಿಲ್ಲದ ಬಸ್ತಿಗಳು, ಗಾಳಿಯಿಲ್ಲದ ಬರಾಕುಗಳು, ಇವೇ ಕಾರಣಗಳೆಂದು 1863ರಲ್ಲಿ ವರದಿಯಾಯಿತು. ಹತ್ತು ವರುಷಗಳ ತರುವಾಯ, 1873ರಲ್ಲಿ, ಆ ಸಂಖ್ಯೆಯು 18ಕ್ಕೆ ಇಳಿದಿದೆಯೆಂದು ಆಕೆ ತಿಳಿಸಿದಳು. ಭಾರತದಲ್ಲಿ ಜನರು ಸಾಯದೆ ಬದುಕುವುದು ಹೇಗೆ ಎಂಬ ತಲೆಬರಹದ ಒಂದು ಲೇಖನವನ್ನೂ ಬರೆದಳು. ಸೈನಿಕನ ವಿಷಯದಿಂದ ಹೊರಟ ಆಕೆಯ ಚಿಂತೆಯು ವರುಷಗಳು ಕಳೆದಂತೆ ಇಲ್ಲಿಯ ರೈತನ ಬಡತನದವರೆಗೂ ಕ್ಷಾಮದವರೆಗೂ ಬಂದು ಮುಟ್ಟಿತು. 1910ರ ಆಗಸ್ಟ್ ತಿಂಗಳಲ್ಲಿ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಕ್ರಿಮಿಯನ್ ಯುದ್ಧದ ತರುವಾಯ ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಫ್ಲಾರೆನ್ಸ್ ಎಂಬುವರು ಲೆಕ್ಕವಿಲ್ಲದಷ್ಟಾದರು. ಹೆಸರು ಕೊಟ್ಟವರು ತಂದೆತಾಯಿಗಳು. ಅದನ್ನು ಹೊತ್ತು ಎಲ್ಲಿಗೆ ಹೋದರೆಂಬುದು ಮಕ್ಕಳ ಚರಿತ್ರೆ. ಅವರಲ್ಲಿ ಇಬ್ಬರ ಕಥೆಗಳು ಒಂದೇ ವಿದ್ಯಾಸಂಸ್ಥೆಯಲ್ಲಿ ಸಂಧಿಸುತ್ತವೆ.

ಫ್ಲಾರೆನ್ಸ್ ಬ್ಯಾಸ್ಕಮ್ ಎಂಬಾಕೆ 1862ರಲ್ಲಿ ಹುಟ್ಟಿದವಳು. ಕಲ್ಲುಬಂಡೆಗಳ ಉತ್ಪತ್ತಿಯನ್ನು ಕುರಿತ ಭೂಗರ್ಭಶಾಸ್ತ್ರವನ್ನು ಕಲಿಯಲು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದಳು. ಅಲ್ಲಿ ಪುರುಷ ವಿದ್ಯಾರ್ಥಿಗಳ ಗಮನ ಕೆಡಬಾರದೆಂದು ಆಕೆಯನ್ನು ತರಗತಿಯ ಮೂಲೆಯಲ್ಲಿ ಒಂದು ತೆರೆಯ ಹಿಂದೆ ಕೂರಿಸುತ್ತಿದ್ದರು. ಗೋಷಾ ಪದ್ಧತಿಯು ಪೂರ್ವದೇಶಗಳಿಗೆ ಮಾತ್ರ ಸೇರಿದುದೆಂದು ಬರೆಯುವವರು ಈ ತೆರೆಯನ್ನು ಮರೆತಿರುತ್ತಾರೆ. ತೆರೆಯ ಹಿಂದಿನಿಂದ ಪಾಠ ಕೇಳಿಯೇ ಆಕೆ 1893ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ವಿಭಾಗವನ್ನು ಕಟ್ಟಿ, ತನ್ನ ಹಿಂದೆ ಅನೇಕ ಹೆಂಗಸರು ಆ ವಿದ್ಯೆಗೆ ಬರುವಂತೆ ಮಾಡಿ, 1945ರಲ್ಲಿ ತೀರಿಕೊಂಡಳು.

ಅದೇ 1893ರಲ್ಲಿ ಅದೇ ವಿಶ್ವವಿದ್ಯಾನಿಲಯದ ವೈದ್ಯ ಕಾಲೇಜು ಬಾಗಿಲು ತೆರೆಯಿತು. ಅದಕ್ಕೆ ಬೇಕಾದ ಹಣವನ್ನು ಕೂಡಿಸಿಕೊಟ್ಟವರು ಮೇರಿ ಗ್ಯಾರೆಟ್ ಮೊದಲಾದ ಮಹಿಳೆಯರು. ಪುರುಷರಿಗೆ ಇರುವ ನಿಯಮಗಳ ಮೇಲೆಯೇ ಸ್ತ್ರೀಯರನ್ನೂ ಸೇರಿಸಿಕೊಳ್ಳಬೇಕೆಂಬುದು ಅವರು ಹಾಕಿದ ಷರತ್ತು. ಆ ಬಾಗಿಲಿನಿಂದ ಒಳಗೆ ಹೋದವಳು ಕೊಲರಾಡೊ ಪ್ರಾಂತದ ಗಣಿ ಎಂಜಿನಿಯರನೊಬ್ಬನ ಮಗಳಾದ ಫ್ಲಾರೆನ್ಸ್ ಸೇಬಿನ್. 1900ರಲ್ಲಿ ವೈದ್ಯ ಪದವಿಯನ್ನು ಪಡೆದು, ದೇಹದಲ್ಲಿ ದುಗ್ಧರಸವು ಹರಿಯುವ ನಾಳಗಳು ಹುಟ್ಟುವ ಬಗೆಯನ್ನು ಕಂಡುಹಿಡಿದು, 1917ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕಿಯಾದಳು. ಬ್ಯಾಸ್ಕಮಳನ್ನು ತೆರೆಯ ಹಿಂದಿಟ್ಟ ಸಂಸ್ಥೆಯಲ್ಲಿ ಇನ್ನೊಬ್ಬ ಫ್ಲಾರೆನ್ಸಳು ಪೀಠವನ್ನೇರಲು 24 ವರುಷಗಳು ಹಿಡಿದವು. 1925ರಲ್ಲಿ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲನೆಯ ಮಹಿಳೆಯೂ ಆಕೆಯೇ. ಕೆಲಸದಿಂದ ನಿವೃತ್ತಳಾಗಿ ಊರಿಗೆ ಮರಳಿ, ಎಪ್ಪತ್ತು ದಾಟಿದ ಮೇಲೆ ವಿಶ್ರಮಿಸಿದಳೇ? ಇಲ್ಲ. ಕೊಲರಾಡೊವಿನ ಊರೂರು ಸುತ್ತಿ, ಹಾಲು ನೀರುಗಳ ಶುದ್ಧತೆ, ಚರಂಡಿ, ಕ್ಷಯರೋಗ, ಇವುಗಳ ಬಗ್ಗೆ ಭಾಷಣ ಮಾಡಿ, 1947ರಲ್ಲಿ ಆರೋಗ್ಯದ ಶಾಸನಗಳನ್ನು ಮಾಡಿಸಿಯೇ ಬಿಟ್ಟಳು. ಸ್ಕುಟಾರಿಯ ಚರಂಡಿಗಳ ನೆನಪು ಇಲ್ಲಿ ಯಾರಿಗೆ ಬಾರದು?

ಸಂಗೀತದಲ್ಲಿ ಫ್ಲಾರೆನ್ಸ್ ಪ್ರೈಸಳನ್ನು ಹೇಳಬೇಕು. ಕರಿಯ ಜನಾಂಗದ ಈ ಸ್ತ್ರೀಯು 1887ರಲ್ಲಿ ಅರ್ಕನ್ಸಾ ಪ್ರಾಂತದ ಲಿಟ್ಲ್ ರಾಕಿನಲ್ಲಿ ಹುಟ್ಟಿ, ಬಾಸ್ಟನ್ನಿನಲ್ಲಿ ಕಲಿತು, ಶಿಕಾಗೊ ಪಟ್ಟಣದಲ್ಲಿ ನೆಲಸಿದಳು. ಆಕೆ ರಚಿಸಿದ ಮೊದಲನೆಯ ಸಿಂಫೊನಿಯನ್ನು 1933ರ ಜೂನ್ ತಿಂಗಳಲ್ಲಿ ಶಿಕಾಗೊವಿನ ಹೆಸರಾಂತ ವಾದ್ಯವೃಂದವು ನುಡಿಸಿತು. ಆದರೂ 1953ರಲ್ಲಿ ಆಕೆ ತೀರಿಕೊಂಡ ಮೇಲೆ ಲೋಕವು ಆಕೆಯನ್ನು ಬಹುಮಟ್ಟಿಗೆ ಮರೆಯಿತು. 2009ರಲ್ಲಿ ಇಲಿನಾಯ್ ಪ್ರಾಂತದ ಸೇಂಟ್ ಆನ್ ಎಂಬ ಊರಿನಲ್ಲಿ, ಆಕೆ ಬೇಸಗೆಯನ್ನು ಕಳೆಯುತ್ತಿದ್ದ ಪಾಳುಬಿದ್ದ ಮನೆಯನ್ನು ಕೊಂಡವರಿಗೆ ಕಾಗದಗಳ ರಾಶಿಯೊಂದು ಸಿಕ್ಕಿತು. ಯಾರೂ ಕೇಳಿರದ ಆಕೆಯ ಕೃತಿಗಳು ಅದರಲ್ಲಿದ್ದವು. ಇನ್ನು ಇಂಗ್ಲಿಷ್ ಕಡಲ್ಗಾಲುವೆಯನ್ನು 1950ರಲ್ಲಿ ಫ್ರಾನ್ಸಿನ ಕಡೆಯಿಂದಲೂ 1951ರಲ್ಲಿ ಇಂಗ್ಲೆಂಡಿನ ಕಡೆಯಿಂದಲೂ ಈಜಿ ದಾಟಿದ ಫ್ಲಾರೆನ್ಸ್ ಚಾಡ್ವಿಕ್ಕಳ ಹೆಸರನ್ನು ಆಟಗಳಲ್ಲಿ ಆಸಕ್ತಿಯುಳ್ಳವರು ಬಲ್ಲರು.

ಇವರೆಲ್ಲ ಮೊದಲನೆಯ ಹೆಸರನ್ನು ಮಾತ್ರ ಹೊತ್ತವರು. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಜೋಡಿ ಹೆಸರನ್ನೇ ಮಗುವಿಗೆ ಇಟ್ಟ ಮನೆಗಳೂ ಇದ್ದವು. ಅಷ್ಟು ದೊಡ್ಡ ಹೆಸರು ಎಳೆಯ ಹೆಗಲಿಗೆ ಭಾರವಾಗದೆ ಇರುವುದೇ? ಕೆನಡಾ ದೇಶದ ಫ್ಲಾರೆನ್ಸ್ ನೈಟಿಂಗೇಲ್ ಗ್ರೇಯಮ್ ಎಂಬ ಬಡ ಹುಡುಗಿಯು ಹೆಸರಿಗೆ ತಕ್ಕಂತೆ ದಾದಿಯ ಕೆಲಸವನ್ನು ಕಲಿಯಲು ಹೋಗಿ, ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟಳು. 1910ರಲ್ಲಿ, ಅಂದರೆ ನೈಟಿಂಗೇಲಳು ಕಣ್ಮುಚ್ಚಿದ ವರುಷವೇ, ನ್ಯೂಯಾರ್ಕಿನಲ್ಲಿ ಸೌಂದರ್ಯಸಾಧನಗಳ ಅಂಗಡಿಯನ್ನು ತೆರೆದು, ಎಲಿಜಬೆತ್ ಆರ್ಡನ್ ಎಂಬ ಹೊಸ ಹೆಸರಿನಿಂದ ಲೋಕಪ್ರಸಿದ್ಧಳಾದಳು. ಹೊಂದದ ಹೆಸರನ್ನು ಕಳಚಿಡುವುದೂ ಒಂದು ಬಗೆಯ ಪ್ರಾಮಾಣಿಕತೆಯೆಂದೇ ನನ್ನ ಅಭಿಪ್ರಾಯ.

ಇನ್ನೊಬ್ಬಳು 1909ರಲ್ಲಿ ಇಂಗ್ಲೆಂಡಿನ ಹೆರಫರ್ಡ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಡೇವಿಡ್. ಆಕೆಯ ಮನೆಯವರಿಗೆ ನೈಟಿಂಗೇಲಳ ಪರಿಚಯವಿದ್ದಿತು. ಆ ವೃದ್ಧೆಯು ಆಗ ಇನ್ನೂ ಬದುಕಿದ್ದಳು. ಈ ಹುಡುಗಿಗೆ ಶುಶ್ರೂಷೆಯ ಕಡೆ ಮನಸ್ಸು ಹೋಗಲಿಲ್ಲ, ಗಣಿತದ ಕಡೆ ಹೋಯಿತು. ಪದವಿ ಪಡೆದು ವಿಮೆಯ ಲೆಕ್ಕಗಳನ್ನು ಹಾಕುವ ಗಣಿತಜ್ಞೆಯಾಗಬೇಕೆಂದಿದ್ದಳು. ಆ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಕಾರ್ಲ್ ಪಿಯರ್ಸನ್ನನ ಬಳಿಗೆ ಹೋಗಿ ಕೆಲಸ ಕೇಳಿದಳು. ಈ ಪಿಯರ್ಸನ್ನನು ಗಾಲ್ಟನ್ನನ ಶಿಷ್ಯ. ಆಕ್ಸ್‌ಫರ್ಡಿನಲ್ಲಿ ಅಂಕಿ-ಅಂಶಗಳ ಶಾಸ್ತ್ರಕ್ಕೆ ಒಂದು ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಬೇಕೆಂದು 1891ರಲ್ಲಿ ನೈಟಿಂಗೇಲಳು ಪತ್ರ ಬರೆದುದು ಆ ಗಾಲ್ಟನ್ನನಿಗೇ. ಆ ಪೀಠವು ಆಗ ಆಗಲಿಲ್ಲ. ಡೇವಿಡಳಾದರೋ ಎರಡನೆಯ ಮಹಾಯುದ್ಧದಲ್ಲಿ, ಲಂಡನ್ನಿನ ಮೇಲೆ ಬಾಂಬುಗಳು ಬಿದ್ದರೆ ಎಷ್ಟು ನಷ್ಟವಾದೀತೆಂದು ಮುಂಗಡವಾಗಿ ಲೆಕ್ಕ ಹಾಕುವ ಸರಕಾರಿ ಕೆಲಸವನ್ನು ಮಾಡಿ, 1962ರಲ್ಲಿ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದಳು. ಜೂಜಿನ ದಾಳಗಳಿಂದ ಸಂಭವಗಣಿತವು ಹುಟ್ಟಿದ ಚರಿತ್ರೆಯನ್ನು ಬರೆದ ಆಕೆಯ ಗ್ರಂಥವು ಇಂದಿಗೂ ಓದಲ್ಪಡುತ್ತಿದೆ. ಕಡೆಗಾಲದಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, 1993ರಲ್ಲಿ ತೀರಿಕೊಂಡಳು.

ಆಕೆಯ ಮೊದಲನೆಯ ದೊಡ್ಡ ಕೃತಿಯು 1938ರಲ್ಲಿ ಅಚ್ಚಾದ ಅಂಕಿಗಳ ಕೋಷ್ಟಕ. ಆ ದಿನಗಳಲ್ಲಿ ಲೆಕ್ಕ ಮಾಡುವ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಆ ಕೋಷ್ಟಕಕ್ಕಾಗಿ ತಾನು ಯಂತ್ರದ ಹಿಡಿಕೆಯನ್ನು ಸುಮಾರು ಇಪ್ಪತ್ತು ಲಕ್ಷ ಸಾರಿ ತಿರುಗಿಸಿದ್ದಿರಬೇಕೆಂದು ಮುಪ್ಪಿನಲ್ಲಿ ಆಕೆ ಅಂದಾಜು ಹೇಳಿದಳು. ಪುಸ್ತಕದ ಮೇಲೆ ಮಾತ್ರ ಹೆಸರು ಇಷ್ಟೇ ಇದೆ: ಎಫ್. ಎನ್. ಡೇವಿಡ್.