ಹೊಸ ನಳಿಗೆ: ಹೊಡೆತಕ್ಕಿಂತ ಉಜ್ಜಾಟವೇ ಅಪಾಯ!

ಸೆಪ್ಟೆಂಬರ್ 3 ಹತ್ತಿರ ಬಂತೆಂದರೆ ಪುಟ್ಟೇನಹಳ್ಳಿ ಕಡೆ ಮನೆ ಮಾಡಿಕೊಂಡಿರುವ ಕೊಡವರಿಗೆ ಊರ ಬಸ್ಸಿನದೇ ಧ್ಯಾನ. ಅಂದು ಕೈಲ್ ಮುಹೂರ್ತ. ನಾಟಿ ಮುಗಿಸಿ, ಕೋವಿ ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುಂಡು. ಮಿಕ್ಕವರಿಗೆ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ಒರೆಸೋದೇನು ಮಹಾ ಅನ್ನಬೇಡಿ ಸ್ವಾಮಿ. ರೈಫಲ್ ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರುತ್ತದೆ. ಗುಂಡು ಗಿರಗಿರನೆ ತಿರುಗಿ ನೆಟ್ಟಗೆ ಹೋಗುವುದು ಅದರಿಂದಲೇ. (ಜೋಡುನಳಿಗೆ ಕೋವಿಯವರಿಗೆ ಈ ತಾಪತ್ರಯವಿಲ್ಲ.) ಹೊಸದಾದರೆ ಕಾರ್ಖಾನೆಯ ಎಣ್ಣೆ ತೆಗೆಯದೆ ಕುದುರೆ ಎಳೆಯಬಾರದು. ಮೊದಮೊದಲು ಒಂದೊಂದು ಗುಂಡಿಗೂ ಒಮ್ಮೆ ಒರೆಸಿದರೆ ಒಳಗಿನ ತರಿ ಸವೆದು, ಗುಂಡಿನ ತಾಮ್ರ ಅಂಟುವುದು ಕಡಿಮೆಯಾಗುತ್ತದೆ ಎಂದು ಕೆಲವರು. ಬರೀ ತೋಟಾ ದಂಡ ಎಂದು ಇನ್ನು ಕೆಲವರು. ಈ ಜಗಳ ತೀರಿಲ್ಲ.

ಜಗಳವಿಲ್ಲದ್ದು ಇಷ್ಟು: ಒಳಗೆ ತೋಟಾ ಇಲ್ಲವೆಂದು ಎರಡು ಸಲ ನೋಡಿ, ಬೋಲ್ಟ್ ತೆಗೆದು, ಸರಳನ್ನು ಹಿಂದಿನಿಂದ ಹಾಕಬೇಕು. ಬಾಯಿಂದ ತುರುಕಿದರೆ ಅಂಚು ಸವೆದು ಗುರಿ ಕೆಟ್ಟೀತು. ಉಕ್ಕಿನ ಬ್ರಷ್ಷು ಬೇಡ, ಕಂಚಿನದು ಸಾಕು. ಕೊನೆಗೆ ತೆಳ್ಳಗೆ ಎಣ್ಣೆ. ಇಲ್ಲದಿದ್ದರೆ ಕೊಡಗಿನ ಮಳೆ ಬಿಟ್ಟೀತೇ?