ಮೂಳೆ, ಬಿಸಿಲು ಮತ್ತು ವಿಟಮಿನ್ ಡಬ್ಬಿ

ಊರಿಗೆ ಹೊರಡೋ ದಿನ ಹತ್ತಿರ ಬಂತು ಅಂದ್ರೆ ಫೋನಿನಲ್ಲಿ ಪಟ್ಟಿ ಶುರುವಾಗತ್ತೆ. ಮೊದಲೆಲ್ಲ ಚಾಕಲೇಟು, ಸೆಂಟು ಇರ್ತಿತ್ತು. ಈಗ ಅದರ ಜಾಗಕ್ಕೆ ವಿಟಮಿನ್ ಡಬ್ಬಿ ಬಂದು ಕೂತಿದೆ. "ಅಲ್ಲಿಂದು ಚೆನ್ನಾಗಿರತ್ತಂತೆ, ಮೂಳೆಗೆ ಒಳ್ಳೇದಂತೆ, ಎರಡು ಡಬ್ಬಿ ತಗೊಂಡು ಬಾ" ಅಂತ ಅಮ್ಮನಿಂದ ಹಿಡಿದು ಪಕ್ಕದ ಮನೆ ಆಂಟಿಯವರೆಗೆ ಎಲ್ಲರದ್ದೂ ಒಂದೇ ಬೇಡಿಕೆ. ನಾನು ಡಾಕ್ಟರಲ್ಲ, ಗ್ಲಾಸ್ಗೋದಲ್ಲಿ ಕೂತು ಕೋಡ್ ಬರೆಯೋ ಇಂಜಿನಿಯರು. ಆದ್ರೂ ಈ ವಿಷಯದ ಬಗ್ಗೆ ಒಂದಷ್ಟು ಓದಿದೆ. ಅದಕ್ಕೊಂದು ಕಾರಣ ಇದೆ, ಮುಂದೆ ಹೇಳ್ತೀನಿ.

ಮೂಳೆ ಅಂದ್ರೆ ಮನೆಯ ಕಂಬದ ಹಾಗೆ, ಒಂದು ಸಲ ನಿಲ್ಲಿಸಿದ್ರೆ ಮುಗೀತು ಅಂದುಕೊಂಡಿರ್ತೀವಿ. ಹಾಗಲ್ಲ. ಅದರೊಳಗೆ ರಿಪೇರಿ ಕೆಲಸ ದಿನವಿಡೀ ನಡೀತಾನೇ ಇರತ್ತೆ. ಆಸ್ಟಿಯೋಕ್ಲಾಸ್ಟ್ ಅನ್ನೋ ಕೋಶಗಳು ಹಳೇ ಮೂಳೆಯನ್ನು ಕೆಡವುತ್ತವೆ, ಆಸ್ಟಿಯೋಬ್ಲಾಸ್ಟ್ ಅನ್ನೋವು ಹೊಸದನ್ನು ಕಟ್ಟುತ್ತವೆ. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಅಸ್ಥಿಪಂಜರ ಹೀಗೆ ಹೊಸದಾಗತ್ತೆ. ಮೂವತ್ತರ ಆಸುಪಾಸಿನವರೆಗೆ ಕಟ್ಟೋರ ಕೈ ಮೇಲು. (ಅಂದ್ರೆ ನನಗೆ ಡೆಪಾಸಿಟ್ ಕಟ್ಟೋಕೆ ಇನ್ನು ಒಂದೆರಡು ವರ್ಷ ಅಷ್ಟೇ ಬಾಕಿ!) ಆಮೇಲೆ ನಿಧಾನವಾಗಿ ಕೆಡವೋರ ಕೈ ಮೇಲಾಗತ್ತೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಮ್ಮಿಯಾಗಿ, ಕೆಡವೋರನ್ನ ಹೇಳೋರು ಕೇಳೋರು ಇಲ್ಲದ ಹಾಗಾಗತ್ತೆ. ನಮ್ಮ ಅಮ್ಮಂದಿರ ವಯಸ್ಸು ಇದೇ ನೋಡಿ.

ಇಲ್ಲಿ ವಿಟಮಿನ್‌ಗಳ ಕೆಲಸ ಏನು? ಮುಖ್ಯ ಪಾತ್ರಧಾರಿ ವಿಟಮಿನ್ ಡಿ. ಬಿಸಿಲಿನಲ್ಲಿರೋ ಯುವಿ-ಬಿ ಕಿರಣ ಚರ್ಮದ ಮೇಲೆ ಬಿದ್ದಾಗ ಇದು ತಯಾರಾಗತ್ತೆ, ಆಮೇಲೆ ಲಿವರ್ ಮತ್ತು ಕಿಡ್ನಿ ಎರಡೂ ಕಡೆ ಹಾದು ಕೆಲಸಕ್ಕೆ ಬರೋ ರೂಪ ಪಡೆಯತ್ತೆ. ಊಟದಲ್ಲಿರೋ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಬೇಕಾದ್ರೆ ಇದರ ಅಪ್ಪಣೆ ಬೇಕು. ಇದು ಸಾಲದಿದ್ರೆ ಎಷ್ಟು ಹಾಲು ಕುಡಿದ್ರೂ ಬಹುಪಾಲು ಬಂದ ದಾರಿಗೆ ಸುಂಕ ಇಲ್ಲ. ಹೃದಯ, ನರಗಳಿಗೆ ಕ್ಯಾಲ್ಸಿಯಂ ಬೇಕೇ ಬೇಕಲ್ವಾ? ಆಗ ದೇಹ ಮೂಳೆಯನ್ನೇ ಕರಗಿಸಿ ಅಲ್ಲಿಂದ ತೆಗೆಯತ್ತೆ. ತೀರಾ ಕೊರತೆಯಾದ್ರೆ ಮಕ್ಕಳಿಗೆ ರಿಕೆಟ್ಸ್, ದೊಡ್ಡವರಿಗೆ ಆಸ್ಟಿಯೋಮಲೇಶಿಯಾ ಅನ್ನೋ ಮೂಳೆ ಮೆತ್ತಗಾಗೋ ಕಾಯಿಲೆ.

ನಾನಿರೋ ಊರಿಗೂ ಇದಕ್ಕೂ ಹಳೇ ನಂಟು. ಕಾರ್ಖಾನೆ ಹೊಗೆ ತುಂಬಿದ್ದ ಕಾಲದಲ್ಲಿ ಗ್ಲಾಸ್ಗೋದ ಮಕ್ಕಳಲ್ಲಿ ರಿಕೆಟ್ಸ್ ಮಾಮೂಲಿಯಾಗಿತ್ತು. ಅದು ಹೋಯ್ತು ಅಂದುಕೊಂಡಿದ್ದಾಗ, 1962ರಲ್ಲಿ ಇಲ್ಲಿನ ವೈದ್ಯರು ಪಾಕಿಸ್ತಾನದಿಂದ ಬಂದು ನೆಲೆಸಿದ್ದವರಲ್ಲಿ ಅದೇ ಕಾಯಿಲೆ ಇದೆ ಅಂತ ವರದಿ ಮಾಡಿದ್ರು. ಕಾರಣ ನಮಗೂ ಅನ್ವಯಿಸತ್ತೆ. ನಮ್ಮ ಕಂದು ಚರ್ಮದಲ್ಲಿರೋ ಮೆಲನಿನ್ ಒಂಥರಾ ಕೊಡೆ ಇದ್ದ ಹಾಗೆ. ಉರಿಬಿಸಿಲಿನಿಂದ ಕಾಪಾಡತ್ತೆ ನಿಜ, ಆದ್ರೆ ಅಷ್ಟೇ ವಿಟಮಿನ್ ಡಿ ತಯಾರಾಗೋಕೆ ಹೆಚ್ಚು ಹೊತ್ತು ಬಿಸಿಲು ಬೇಕು. ಇಲ್ಲಂತೂ ಅಕ್ಟೋಬರಿನಿಂದ ಮಾರ್ಚಿನವರೆಗೆ ಸೂರ್ಯ ಕಂಡ್ರೂ ಅದರಲ್ಲಿ ಕೆಲಸಕ್ಕೆ ಬರೋ ಕಿರಣ ಇರಲ್ಲ. ಅದಕ್ಕೇ 2016ರಿಂದ ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದ್ರೆ 400 ಯೂನಿಟ್ ವಿಟಮಿನ್ ಡಿ ತಗೊಳ್ಳೋದನ್ನ ಯೋಚಿಸಿ ಅಂತ ಸಲಹೆ ಇದೆ. ನಮ್ಮಂಥ ಬಣ್ಣದವರಿಗೆ ವರ್ಷಪೂರ್ತಿ.

"ನಮ್ಮೂರಲ್ಲಿ ಬೇಕಾದಷ್ಟು ಬಿಸಿಲಿದೆಯಲ್ಲ?" ಅಂತೀರಾ? ಇದೆ. ಆದ್ರೆ ನಾವು ಅದರಲ್ಲಿಲ್ಲ. ಕಿಟಕಿ ಗಾಜು ಯುವಿ-ಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯತ್ತೆ. ಫ್ಲಾಟು, ಆಫೀಸು, ಕಾರು ಅಂತ ಮೂರೂ ಕಡೆ ಗಾಜಿನ ಒಳಗೇ ಇರೋರಿಗೆ ಬೆಂಗಳೂರಾದ್ರೇನು, ಗ್ಲಾಸ್ಗೋ ಆದ್ರೇನು!

ಉಳಿದವರನ್ನ ಮರೆಯೋ ಹಾಗಿಲ್ಲ. ಮೂಳೆಯಲ್ಲಿ ಕ್ಯಾಲ್ಸಿಯಂ ಸಿಮೆಂಟಾದ್ರೆ ಕೊಲಾಜನ್ ಒಳಗಿನ ಕಂಬಿ. ಆ ಕಂಬಿ ಗಟ್ಟಿಯಾಗೋಕೆ ವಿಟಮಿನ್ ಸಿ ಬೇಕು. ನಮ್ಮ ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಧಾರಾಳವಾಗಿದೆ. ಮೂಳೆಯೊಳಗಿನ ಆಸ್ಟಿಯೋಕ್ಯಾಲ್ಸಿನ್ ಅನ್ನೋ ಪ್ರೋಟೀನು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳೋ ಹಾಗೆ ಮಾಡೋದು ವಿಟಮಿನ್ ಕೆ. ಅದು ಸೊಪ್ಪಿನಲ್ಲಿದೆ. (ವಾರ್ಫರಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಕೆ ಮಾತ್ರೆ ಮುಟ್ಟಬಾರದು, ಸೊಪ್ಪು ತಿನ್ನೋದನ್ನೂ ಇದ್ದಕ್ಕಿದ್ದಂತೆ ಹೆಚ್ಚುಕಮ್ಮಿ ಮಾಡಬಾರದು.) ವಿಟಮಿನ್ ಎ ಮಾತ್ರ ಉಲ್ಟಾ. ರೆಟಿನಾಲ್ ರೂಪದಲ್ಲಿ ವರ್ಷಗಟ್ಟಲೆ ಅತಿಯಾದ್ರೆ ಮೂಳೆಗೇ ತೊಂದರೆ.

ಈಗ ಆ ಕಾರಣ. ನಮ್ಮ ದೊಡ್ಡಮ್ಮನಿಗೆ ಡಾಕ್ಟರು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನ ವಾರಕ್ಕೊಂದು ಅಂತ ಬರೆದುಕೊಟ್ಟಿದ್ರು. ಔಷಧಿ ಅಂಗಡಿಯವನು "ದಿನಾ ಒಂದು" ಅಂದ. ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಬೇರೆ. ಎರಡು ತಿಂಗಳು ಕಳೆಯೋದ್ರಲ್ಲಿ ವಾಂತಿ, ತಡೆಯಲಾಗದ ಬಾಯಾರಿಕೆ, ಮಾತು ತೊದಲು. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೇಗೋ ಚೇತರಿಸಿಕೊಂಡ್ರು. ವಿಟಮಿನ್ ಸಿ ಹೆಚ್ಚಾದ್ರೆ ಮೂತ್ರದಲ್ಲಿ ಹೋಗತ್ತೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ತಿಂಗಳುಗಟ್ಟಲೆ ಒಳಗೇ ಇರತ್ತೆ. ಡಾಕ್ಟರ ಸಲಹೆ ಇಲ್ಲದೆ ತಗೊಳ್ಳೋದಾದ್ರೆ ದೊಡ್ಡವರಿಗೆ ದಿನಕ್ಕೆ 4,000 ಯೂನಿಟ್ಟೇ ಮೇಲ್ಮಿತಿ.

ಹಾಗಾದ್ರೆ ಮಾತ್ರೆ ಬೇಕಾ, ಬೇಡ್ವಾ? 1992ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ವೃದ್ಧಾಶ್ರಮಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಅಜ್ಜಿಯರಲ್ಲಿ ಕೆಲವರಿಗೆ ದಿನಾ 800 ಯೂನಿಟ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ರು. ಅವರಲ್ಲಿ ಸೊಂಟದ ಮೂಳೆ ಮುರಿಯೋದು ಗಣನೀಯವಾಗಿ ಕಮ್ಮಿಯಾಯ್ತು. ಆದ್ರೆ 2022ರಲ್ಲಿ ಬಂದ ಅಮೆರಿಕದ 'ವೈಟಲ್' ಅಧ್ಯಯನದಲ್ಲಿ, 25,000ಕ್ಕೂ ಹೆಚ್ಚು ಆರೋಗ್ಯವಂತರ ಪೈಕಿ ಅರ್ಧ ಜನಕ್ಕೆ ಐದು ವರ್ಷ ದಿನಾ 2,000 ಯೂನಿಟ್ ಕೊಟ್ರೂ ಮುರಿತ ಕಮ್ಮಿಯಾಗ್ಲಿಲ್ಲ. 2010ರ ಆಸ್ಟ್ರೇಲಿಯಾದ ಅಧ್ಯಯನದಲ್ಲಂತೂ ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಯೂನಿಟ್ ನುಂಗಿದ ವೃದ್ಧೆಯರು ಬಿದ್ದದ್ದೂ ಜಾಸ್ತಿ, ಮುರಿದುಕೊಂಡದ್ದೂ ಜಾಸ್ತಿ! ನನಗೆ ಅರ್ಥವಾಗಿದ್ದಿಷ್ಟು: ಕೊರತೆ ಇದ್ದೋರಿಗೆ ಇದು ಮದ್ದು, ಇಲ್ಲದವರಿಗೆ ಸುಮ್ಮನೆ ಖರ್ಚು, ಅತಿಯಾದ್ರೆ ವಿಷ.

ಉಳಿದಿದ್ದು ನಮಗೆ ಗೊತ್ತಿರೋದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಯನ್ನ ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದ್ರೆ ಕ್ಯಾಲ್ಸಿಯಮ್ಮನ್ನು ತಡೆಯೋ ಫೈಟೇಟ್ ಕಮ್ಮಿಯಾಗತ್ತೆ. ಎಳ್ಳು, ಮೊಸರು, ನುಗ್ಗೆಸೊಪ್ಪು ಇದ್ದೇ ಇದೆ. ಜೊತೆಗೆ ನಡಿಗೆ ಬೇಕು, ಯಾಕಂದ್ರೆ ಭಾರ ಹೊತ್ತ ಮೂಳೆಯೇ ಗಟ್ಟಿಯಾಗೋದು. ಬಚ್ಚಲಲ್ಲಿ ಜಾರದ ಹಾಗೆ ಒಂದು ಹಿಡಿಕೆ ಹಾಕ್ಸಿ. ಅಮ್ಮನಿಗೆ ಅರವತ್ತೈದು ದಾಟಿದ್ರೆ, ಅಥವಾ ಸಣ್ಣ ಪೆಟ್ಟಿಗೇ ಮೂಳೆ ಮುರಿದಿದ್ರೆ, ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ದೂರದಲ್ಲಿರೋ ನಾವು ಫೋನಿನಲ್ಲಿ "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಅಂತ ಕೇಳಿ ಮುಗಿಸ್ತೀವಿ. ಈ ವಾರ ಇನ್ನೊಂದು ನಿಮಿಷ ಕೂತು, ಯಾವ ಮಾತ್ರೆ, ಎಷ್ಟು ದಿನಕ್ಕೊಂದು, ಯಾವಾಗಿಂದ ಅಂತಾನೂ ಕೇಳಿ. ಚೀಟಿಯನ್ನ ಒಮ್ಮೆ ಗಟ್ಟಿಯಾಗಿ ಓದಿಸಿ.